ಲೇಕ್ ಸಿಗ್ರಿಡ್‌ನ ಅತಿಶಯೋಕ್ತಿ ಪ್ರಕರಣ

ಲೇಕ್ ಸಿಗ್ರಿಡ್ ಎಂಬ ಊರಿನಲ್ಲಿ ಹೊಗಳಿಕೆಗೆ ಒಂದು ಗಡಿ ಇದೆ. ಆ ಗಡಿಯ ಹೆಸರು ‘ಅಷ್ಟೇನೂ ಕೆಟ್ಟದಾಗಿಲ್ಲ’. ಅದರಾಚೆಗೆ ಆ ಊರಿನವರು ಕಾಲಿಡುವುದಿಲ್ಲ. ಅಮೆರಿಕದ ಉತ್ತರ ತುದಿಯ ಮಿನ್ನೆಸೋಟಾ ರಾಜ್ಯದ ಉಳಿದ ಊರುಗಳೂ ಮಾತಿನ ವಿಷಯದಲ್ಲಿ ಕೈಬಿಗಿಯವೇ. ಆದರೆ ಲೇಕ್ ಸಿಗ್ರಿಡ್‌ನವರ ಕಣ್ಣಿಗೆ ಅವರೂ ಸ್ವಲ್ಪ ಬಾಯಿಬಡುಕರು. ಒಮ್ಮೆ ಸುಂಟರಗಾಳಿ ಬಂದು ಡೆಲ್ಮರ್ ಎಂಬವನ ಕೊಟ್ಟಿಗೆಯ ಛಾವಣಿಯನ್ನು ಎತ್ತಿಕೊಂಡು ಹೋಗಿ ಕೆರೆಯಾಚೆಯ ಶಾಲೆಯ ಮೈದಾನದಲ್ಲಿ ಇಳಿಸಿತು. ಮಾರನೆಯ ದಿನ ಡೆಲ್ಮರ್ ‘ನಿನ್ನೆ ಒಂಚೂರು ಗಾಳಿ ಇತ್ತು’ ಅಂದ. ಅಷ್ಟು ಹೇಳಿದ್ದಕ್ಕೇ ಅವನಿಗೆ ಮಾತುಗಾರ ಎಂಬ ಹೆಸರು ಬಂತು.

ತೆಗಳಿಕೆಗೂ ಹೀಗೆಯೇ ಒಂದು ಕಟ್ಟುಪಾಡು. ಯಾವುದಾದರೂ ವಸ್ತು ಸೈರಿಸಲಾಗದಷ್ಟು ಕೆಟ್ಟದಾಗಿದ್ದರೆ ‘ಬೇರೆ ಥರಾ ಇದೆ’ ಅನ್ನುತ್ತಾರೆ. ಈ ಮಾತು ಕೇಳಿಸಿಕೊಂಡವರು ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ.

ಇಂಥ ಊರಿನಲ್ಲಿ ಹುಟ್ಟಿ, ಅದರ ರಸ್ತೆಗಳ ಹಿಮವನ್ನು ಆಯಸ್ಸಿಡೀ ಲಾರಿಯಲ್ಲಿ ತಳ್ಳಿ, ಹೋದ ಶರತ್ಕಾಲದಲ್ಲಿ ನಿವೃತ್ತನಾದವನು ಆರ್ಲೆನ್ ಸ್ಕೋಗ್ಮೊ. ಸಾಧು ಮನುಷ್ಯ. ಒಂದು ವಿಷಯವನ್ನು ತಪ್ಪಾಗಿ ತಿಳಿದುಕೊಂಡರೆ ಅದನ್ನು ಕೊನೆಯವರೆಗೂ ಪ್ರಾಮಾಣಿಕವಾಗಿ ನಡೆಸಿಕೊಂಡು ಹೋಗುವ ಗುಣ ಅವನದು. ಹೆಂಡತಿ ಲವೋನ್ ಮಾತಿನ ವಿಷಯದಲ್ಲಿ ಊರಿಗೇ ಮೇಲ್ಪಂಕ್ತಿ. ಹೆಪ್ಪುಗಟ್ಟಿದ ಕೆರೆಯ ಮೇಲಿನ ಮೀನು ಹಿಡಿಯುವ ಗುಡಿಸಲಲ್ಲಿ ಕೂತು ಆರ್ಲೆನ್ ‘ನನ್ನ ಮದುವೆ ಆಗ್ತೀಯಾ’ ಎಂದು ಕೇಳಿದಾಗ ಅವಳು ಗಾಳದಿಂದ ಕಣ್ಣು ತೆಗೆಯದೆ ‘ಆಗ್ಬೋದೇನೋ’ ಅಂದಿದ್ದಳು. ನಿವೃತ್ತನಾದ ಮೇಲೆ ಅವನು ತಿಂಗಳುಗಟ್ಟಲೆ ಕೂತು ಅಡುಗೆಮನೆಗೆ ಒಂದು ಕಪಾಟು ಮಾಡಿಕೊಟ್ಟ. ಅವಳು ಅದರ ಬಾಗಿಲನ್ನು ತೆರೆದು, ಮುಚ್ಚಿ, ಮತ್ತೆ ತೆರೆದು, ‘ಬೇರೆ ಥರಾ ಇದೆ’ ಅಂದಳು. ‘ಅಷ್ಟೇನೂ ಕೆಟ್ಟದಾಗಿಲ್ಲ’ ಎಂಬ ಮಾತು ಅವಳ ಬಾಯಿಂದ ಆರ್ಲೆನ್‌ನ ಪಾಲಿಗೆ ಇದುವರೆಗೆ ಬಂದಿರಲಿಲ್ಲ. ಬರಬೇಕೆಂದು ಅವನು ಕೇಳಿದವನೂ ಅಲ್ಲ.

ಎಡವಟ್ಟು ಶುರುವಾದದ್ದು ಪಕ್ಕದ ಮನೆಯ ಮಾರ್ಲಿಸ್‌ಳ ಊಟದ ಮೇಜಿನಲ್ಲಿ. ಮಾರ್ಲಿಸ್ ಎಂದರೆ ಲೂಥರನ್ ಚರ್ಚಿನ ಅಡುಗೆಮನೆಯ ಯಜಮಾನಿ. ಯಾರ ಮನೆಯಲ್ಲಿ ಯಾರಿಗೆ ಏನಾಗಿದೆ ಎನ್ನುವುದು ಅವಳಿಗೆ ಪಾದ್ರಿಗಿಂತ ಮೊದಲು, ಒಮ್ಮೊಮ್ಮೆ ಆ ಮನೆಯವರಿಗಿಂತಲೂ ಮೊದಲು ತಿಳಿದಿರುತ್ತದೆ. ಅವಳ ಮಗಳು ಟೆಕ್ಸಾಸಿನ ಹುಡುಗನೊಬ್ಬನನ್ನು ಮದುವೆಯಾಗಿದ್ದಳು. ಆ ಅಳಿಯ ಟ್ರ್ಯಾವಿಸ್ ಮೊದಲ ಬಾರಿಗೆ ಅತ್ತೆಯ ಮನೆಗೆ ಬಂದಿದ್ದ. ಭಾನುವಾರದ ಊಟಕ್ಕೆ ಆರ್ಲೆನ್‌ನನ್ನೂ ಲವೋನ್‌ಳನ್ನೂ ಕರೆದಿದ್ದರು.

ಸೇಬಿನ ಪೈ ಬಾಯಿಗಿಟ್ಟ ಟ್ರ್ಯಾವಿಸ್, ಇದನ್ನು ತಿಂದವನು ಸ್ವರ್ಗದ ಬಾಗಿಲವರೆಗೆ ಹೋದರೂ ಇನ್ನೊಂದು ತುಂಡಿಗಾಗಿ ವಾಪಸ್ ಬರುತ್ತಾನೆ ಎಂದು ಸಾರಿದ. ಮೇಜಿನ ಸುತ್ತ ಇದ್ದವರು ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ಮಾರ್ಲಿಸ್ ಏನು ಮಾಡಬೇಕೋ ತಿಳಿಯದೆ ಉಪ್ಪಿನ ಡಬ್ಬಿಯನ್ನು ಅತ್ತಿಂದಿತ್ತ ಸರಿಸಿದಳು. ಟ್ರ್ಯಾವಿಸ್ ಅಷ್ಟಕ್ಕೇ ನಿಲ್ಲಲಿಲ್ಲ. ಎದ್ದು, ಎಲ್ಲರ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಒಳಗೆ ಹೋಗುತ್ತಾ, ಹೆಂಡತಿಯ ಕಡೆ ತಿರುಗಿ, “ನಿನ್ನ ನಗುವಿನ ಮುಂದೆ ಟೆಕ್ಸಾಸಿನ ಸೂರ್ಯ ಬರೀ ಸೀಮೆಎಣ್ಣೆ ಬುಡ್ಡಿ ಕಣೇ” ಅಂದ.

ಮನೆಗೆ ವಾಪಸ್ ನಡೆಯುತ್ತಿದ್ದಾಗ ಲವೋನ್ ಕೈಗವಸು ಸರಿಮಾಡಿಕೊಂಡಳು. ಆಮೇಲೆ, “ಮನೇಲಿ ಅಂಥವ್ರೊಬ್ರು ಇದ್ರೆ ತೊಂದ್ರೆ ಏನಿಲ್ಲ ಅನ್ಸುತ್ತೆ” ಅಂದಳು.

ಆರ್ಲೆನ್ ನಡೆಯುತ್ತಿದ್ದವನು ನಿಂತುಬಿಟ್ಟ. ಬೇರೆ ಊರಿನ ಹೆಂಗಸು ಈ ಮಾತು ಆಡಿದ್ದರೆ ಅದಕ್ಕೆ ಏನೂ ಅರ್ಥವಿರುತ್ತಿರಲಿಲ್ಲ. ಲವೋನ್‌ಳ ಬಾಯಲ್ಲಿ ಅದು ಗೋಳಾಟ. ಏಪ್ರಿಲ್ ಬಂದರೆ ಮದುವೆಯಾಗಿ ನಲವತ್ತು ವರ್ಷ. ಅಷ್ಟು ವರ್ಷ ಈ ಹೆಂಗಸು ಒಂದು ಸವಿಮಾತಿಗೆ ಹಸಿದುಕೊಂಡು ತನ್ನ ಜೊತೆ ಬಾಳಿದಳಲ್ಲ ಎಂದು ಅವನಿಗೆ ನಿಜವಾಗಿಯೂ ದುಃಖವಾಯಿತು. ಮದುವೆಯ ದಿನ ಬರುವುದರೊಳಗೆ ಅವಳಿಗೆ ಹೇಳಬೇಕಾದ್ದನ್ನು ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಎಂದು ತೀರ್ಮಾನಿಸಿದ. ಆದರೆ ಹೇಳುವುದು ಹೇಗೆ? ಹಿಮ ತಳ್ಳುವವನಿಗೆ ಯಾರೂ ಅದನ್ನು ಕಲಿಸಿರಲಿಲ್ಲ.

ಕಲಿಸುವವರು ಊರಿನ ಗ್ರಂಥಾಲಯದಲ್ಲೇ ಇದ್ದರು. ‘ಇಂಗ್ಲಿಷ್ ಮಾತಿನ ಅಲಂಕಾರಗಳನ್ನು ಅರ್ಥ ಮಾಡಿಕೊಳ್ಳಿ, ಪ್ರತಿ ಮಂಗಳವಾರ, ಕಾಫಿ ಉಂಟು’ ಎಂದು ಬಾಗಿಲಿಗೆ ಒಂದು ಹಾಳೆ ಅಂಟಿಸಿತ್ತು. ಅದು ಹೊರದೇಶಗಳಿಂದ ಬಂದು ನೆಲೆಸಿದವರಿಗಾಗಿ ನಡೆಸುತ್ತಿದ್ದ ತರಗತಿ. ಹಾಳೆಯ ಕೊನೆಯ ಸಾಲಿನಲ್ಲಿ ಹಾಗೆಂದು ಬರೆದೂ ಇತ್ತು. ಆರ್ಲೆನ್ ಕಾಫಿಯವರೆಗೆ ಮಾತ್ರ ಓದಿದ್ದ. ಹೋಗಿ ಕೂತ. ಸೊಮಾಲಿಯಾದವರು, ಮೆಕ್ಸಿಕೋದವರು, ಬರ್ಮಾದವರ ನಡುವೆ ಹುಟ್ಟಿನಿಂದ ಇಂಗ್ಲಿಷ್ ಆಡಿದವನು ಅವನೊಬ್ಬನೇ. ತರಗತಿಯಲ್ಲಿ ಎಲ್ಲರಿಗಿಂತ ದಡ್ಡನೂ ಅವನೇ.

ಪಾಠ ಹೇಳುತ್ತಿದ್ದವರು ಶ್ರೀಮತಿ ಕೊವಾಚ್, ಡೆಟ್ರಾಯಿಟ್ ಕಡೆಯ ನಿವೃತ್ತ ಮೇಡಂ. ಮೊದಲ ವಾರ ಉಪಮೆ. ನಿಮ್ಮ ಮನೆಯವರೊಬ್ಬರನ್ನು ಯಾವುದಕ್ಕಾದರೂ ಹೋಲಿಸಿ ಎಂದರು. ಶಾಲೆಯ ಬಸ್ಸು ಓಡಿಸುವ ಸೊಮಾಲಿ ಹೆಂಗಸು ಹೋದಾನ್ ಎದ್ದು, ನನ್ನ ತಾಯಿ ಬಾವಿಯ ಹಾಗೆ, ಊರೆಲ್ಲ ನೀರು ಸೇದಿದರೂ ಅವಳ ಮುಖದಲ್ಲಿ ಆಕಾಶ ಕಾಣುತ್ತಿತ್ತು ಅಂದಳು. ಆರ್ಲೆನ್‌ನ ಸರದಿ ಬಂತು. ಅವನು ಎದ್ದು, ಟೋಪಿ ತೆಗೆದು, ಹಾಕಿಕೊಂಡು, ಮತ್ತೆ ತೆಗೆದು, “ನನ್ನ ಹೆಂಡ್ತಿ ನನ್ನ ಹೆಂಡ್ತಿ ಥರಾನೇ ಇದ್ದಾಳೆ” ಅಂದ.

ಕೊವಾಚ್ ಮೇಡಂ ಬೆಪ್ಪಾದರು. ನಮ್ಮ ಅಲಂಕಾರಶಾಸ್ತ್ರದವರು ಅಲ್ಲಿದ್ದಿದ್ದರೆ ಇದು ತನಗೆ ತಾನೇ ಸಾಟಿ ಎನ್ನುವ ಅನನ್ವಯಾಲಂಕಾರ, ಬಹಳ ಎತ್ತರದ್ದು ಎಂದು ಅವನಿಗೆ ಶಾಲು ಹೊದಿಸುತ್ತಿದ್ದರು. ಅಲ್ಲಿ ಯಾರೂ ಇರಲಿಲ್ಲವಾಗಿ ಅವನು ಕೆಂಪಗಾಗಿ ಕೂತುಬಿಟ್ಟ.

ಮುಂದಿನ ವಾರ ಅತಿಶಯೋಕ್ತಿ. ಇರುವುದಕ್ಕಿಂತ ಹೆಚ್ಚಾಗಿ ಹೇಳುವುದು. ಅದು ಸುಳ್ಳಲ್ಲ, ಮನಸ್ಸು ಎಷ್ಟು ತುಂಬಿದೆ ಅಂತ ತೋರಿಸುವ ದಾರಿ ಎಂದರು ಮೇಡಂ. ಆರ್ಲೆನ್‌ನ ಕಿವಿ ನೆಟ್ಟಗಾಯಿತು. ಟ್ರ್ಯಾವಿಸ್ ಮಾಡಿದ್ದು ಇದನ್ನೇ. ಇದಕ್ಕೊಂದು ಹೆಸರಿದೆ, ಕಲಿತರೆ ಬರುತ್ತದೆ. ಮನೆಯಲ್ಲಿ ಹೇಳಬೇಕಾದ ದೊಡ್ಡ ಮಾತಿಗೆ ಮೊದಲು ಹೊರಗೆ ಚಿಕ್ಕಪುಟ್ಟ ವಿಷಯಗಳ ಮೇಲೆ ಅಭ್ಯಾಸ ಮಾಡಿ ಎಂದು ಮೇಡಂ ಹೇಳಿದ್ದನ್ನು ಅವನು ಮನಸ್ಸಿಗೆ ತೆಗೆದುಕೊಂಡ.

ಮೊದಲ ಅಭ್ಯಾಸಕ್ಕೆ ಸಿಕ್ಕಿದವಳು ಮಾರ್ಲಿಸ್. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ನಡೆಯುತ್ತಿತ್ತು. ಮಾರ್ಲಿಸ್ ಎಂದಿನಂತೆ ಖರ್ಜೂರದ ಕೇಕು ತಂದಿದ್ದಳು. ಆರ್ಲೆನ್ ಒಂದು ತುಂಡು ತಿಂದು, ಗಂಟಲು ಸರಿಮಾಡಿಕೊಂಡು, ಇಡೀ ನೆಲಮಾಳಿಗೆಗೆ ಕೇಳುವ ಹಾಗೆ ಹೇಳಿದ:

“ಮಾರ್ಲಿಸ್, ಇಂಥ ಕೇಕು ನಾನು ಜನ್ಮದಲ್ಲೇ ತಿಂದಿಲ್ಲ. ಇದೊಂದನ್ನ ತಿಂದ್ಮೇಲೆ ನಂಗೆ ಈ ಭೂಮಿ ಮೇಲೆ ಇನ್ನೇನೂ ಬೇಡ ಅನ್ನಿಸ್ಬಿಡ್ತು.”

ಚಮಚಗಳ ಸದ್ದು ನಿಂತಿತು. ಮಾರ್ಲಿಸ್ ಅವನ ಮುಖವನ್ನೇ ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು. ಮೆಲ್ಲಗೆ ಅವನ ಕೈಹಿಡಿದು ಇನ್ನೊಂದು ತುಂಡು ಇಟ್ಟಳು, ಮತ್ತೂ ಒಂದು ತುಂಡನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಅವನ ಕೋಟಿನ ಜೇಬಿಗೆ ಹಾಕಿದಳು.

ಅವಳ ಮುಖ ಕಳೆಗುಂದಿದ್ದಕ್ಕೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಸೆಲ್ಮರ್ ಎಂಬ ಮುದುಕನೊಬ್ಬ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಲ್ಲಿಯ ಕಾಫಿಯನ್ನು ‘ಅಮೃತ’ ಅಂದ. ಆ ವಾರವೇ ತೀರಿಕೊಂಡ. ಅದಕ್ಕೂ ಮೊದಲು ಅಂಚೆ ಕಚೇರಿಯ ಆಗ್ನೆಸ್ ಎಲ್ಲರನ್ನೂ ಕರೆದು ನಿಮ್ಮಂಥ ಜನರೇ ಇಲ್ಲ ಎಂದು ಕೈಹಿಡಿದುಕೊಂಡಳು, ಅವಳೂ ಉಳಿಯಲಿಲ್ಲ. ಲೇಕ್ ಸಿಗ್ರಿಡ್‌ನ ವೈದ್ಯಶಾಸ್ತ್ರದಲ್ಲಿ ಜ್ವರ, ಕೆಮ್ಮು, ಎದೆನೋವಿಗೆಲ್ಲ ಮದ್ದುಂಟು. ಬಾಯಿಬಿಟ್ಟು ಹೊಗಳಲು ಶುರುಮಾಡಿದರೆ ಮಾತ್ರ ಮನುಷ್ಯ ಕೈಬಿಟ್ಟು ಹೋದ ಹಾಗೆ.

ಮಾರ್ಲಿಸ್ ಅಷ್ಟಕ್ಕೇ ನಂಬುವವಳಲ್ಲ. ಸೋಮವಾರ ಬೆಳಿಗ್ಗೆಯೇ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಿಟಕಿಯ ಹಿಂದೆ ಕೂರುವ ಜೋಲೀನ್‌ಳನ್ನು ಹವಾಮಾನದ ಮಾತಿನಿಂದ ಶುರುಮಾಡಿ ಮೆಲ್ಲಗೆ ವಿಚಾರಿಸಿದಳು. ಜೋಲೀನ್, ಯಾರ ವಿಷಯವನ್ನೂ ಯಾರಿಗೂ ಹೇಳುವಂತಿಲ್ಲ, ಕಾನೂನು ಅಂದಳು. ಆರ್ಲೆನ್ ಆ ಕೇಂದ್ರದ ಮೆಟ್ಟಿಲು ಹತ್ತಿ ವರ್ಷಗಳಾಗಿದ್ದವು; ಆದರೆ ಅದನ್ನು ಹೇಳುವುದಕ್ಕೂ ಕಾನೂನು ಬಿಡದು. ಹೇಳುವಂತಿಲ್ಲ ಅಂದಮೇಲೆ ಹೇಳುವಂಥದ್ದು ಏನೋ ಇದೆ ಎಂದು ಮಾರ್ಲಿಸ್‌ಗೆ ಖಾತ್ರಿಯಾಯಿತು. ಮಧ್ಯಾಹ್ನದೊಳಗೆ ಊರಿಗೂ ಖಾತ್ರಿಯಾಯಿತು.

ಸಂಜೆ ಅವಳು ಹಾಟ್‌ಡಿಶ್ ಮಾಡಿಕೊಂಡು ಲವೋನ್‌ಳ ಹಿಂಬಾಗಿಲಿಗೆ ಬಂದಳು. ಕೊಚ್ಚಿದ ಮಾಂಸ, ಡಬ್ಬಿಯ ಅಣಬೆ ಸೂಪು, ಮೇಲೆ ಆಲೂಗಡ್ಡೆಯ ಗುಂಡುಗಳು. ಆ ಸೀಮೆಯಲ್ಲಿ ದುಃಖಕ್ಕೆ ಅದೊಂದೇ ಅಡುಗೆ. ತೊಳೆದು ಹಿಂದಿರುಗಿಸಲೆಂದು ಪಾತ್ರೆಯ ತಳದಲ್ಲಿ ಅವಳ ಹೆಸರು ಬರೆದ ಅಂಟುಪಟ್ಟಿ ಇತ್ತು. ಇಬ್ಬರು ಗೆಳತಿಯರ ನಡುವೆ ಆದ ಮಾತು ಇಷ್ಟೇ:

“ಏನಾದ್ರೂ ಬೇಕಿದ್ರೆ…” ಅಂದಳು ಮಾರ್ಲಿಸ್.

“ಏನು ಬೇಕಾಗುತ್ತೆ?” ಅಂದಳು ಲವೋನ್.

“ಆರ್ಲೆನ್ ನನ್ನ ಕೇಕನ್ನ ಹೊಗಳಿದ. ಬಾಯ್ಬಿಟ್ಟು.”

ಲವೋನ್ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಪಾತ್ರೆ ತೆಗೆದುಕೊಂಡು ಒಳಗೆ ಹೋದಳು. ಗಂಡನನ್ನು ಏನೂ ಕೇಳಲಿಲ್ಲ. ಅವನಿಗೆ ಹೇಳಬೇಕು ಅನ್ನಿಸಿದಾಗ ಹೇಳುತ್ತಾನೆ, ಅಲ್ಲಿಯವರೆಗೆ ಕೇಳಿ ಮುಜುಗರ ಮಾಡಬಾರದು ಎನ್ನುವುದು ಆ ಮನೆಯ ರೀತಿ. ಆ ರೀತಿಯ ಮೇಲೇ ಅವರ ನಲವತ್ತು ವರ್ಷ ನಿಂತಿತ್ತು.

ಆರ್ಲೆನ್ ಹಾಟ್‌ಡಿಶ್ ನೋಡಿ, “ಯಾರು ಕೊಟ್ಟದ್ದು?” ಅಂದ. ಮಾರ್ಲಿಸ್ ಎಂದು ತಿಳಿದಾಗ ಅವನ ಮೀಸೆಯ ಅಡಿ ನಗು ಮೂಡಿತು. ಕೇಕು ಹೊಗಳಿದ್ದು ಭಾನುವಾರ, ಹಾಟ್‌ಡಿಶ್ ಬಂದದ್ದು ಸೋಮವಾರ. ಅತಿಶಯೋಕ್ತಿಗೆ ಇಷ್ಟು ಬಲವಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಹಾಟ್‌ಡಿಶ್ ಮನೆಗೆ ಬರುವುದು ಯಾವ ಸಂದರ್ಭದಲ್ಲಿ ಎನ್ನುವುದು ಆ ಊರಿನ ಕೂಸಿಗೂ ಗೊತ್ತು. ಆದರೆ ಹೊಸದಾಗಿ ಒಂದು ವಿದ್ಯೆ ಕಲಿತವನ ಕಣ್ಣಿಗೆ ಹಳೆಯದೆಲ್ಲ ಮಂಜಾಗುತ್ತದೆ.

ಮಾರನೆಯ ದಿನ ಅವನು ಲವೋನ್‌ಳ ತಮ್ಮ ಡೆಲ್ಮರ್‌ನನ್ನು ಹಿಡಿದ. ಈ ಡೆಲ್ಮರ್ ಆರ್ಲೆನ್‌ನ ಹಿಮಗಡ್ಡೆ ಕೊರೆಯುವ ಯಂತ್ರವನ್ನು ‘ಒಂದು ಮಧ್ಯಾಹ್ನಕ್ಕೆ’ ಅಂತ ತೆಗೆದುಕೊಂಡು ಹೋಗಿ ಹಲವು ಚಳಿಗಾಲಗಳು ಕಳೆದಿದ್ದವು. ಇಬ್ಬರೂ ಆ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಆಡದೆಯೇ ಮನಸ್ತಾಪ ಬಲಿತಿತ್ತು. ಆರ್ಲೆನ್ ಅವನ ಭುಜದ ಮೇಲೆ ಕೈಹಾಕಿ, “ಡೆಲ್ಮರ್, ನಿನ್ನಂಥ ಭಾವಮೈದ ಲೋಕದಲ್ಲಿ ಇನ್ನೊಬ್ಬ ಹುಟ್ಟಿಲ್ಲ” ಅಂದ.

ಡೆಲ್ಮರ್ ಅಲ್ಲೇ ಎರಡು ಹೆಜ್ಜೆ ಹಿಂದೆ ಸರಿದ. ಸಂಜೆಗೆ ಯಂತ್ರ ಆರ್ಲೆನ್‌ನ ಅಂಗಳದಲ್ಲಿತ್ತು. ಎಣ್ಣೆ ಹಾಕಿ ಒರೆಸಿ, ಅಲಗುಗಳನ್ನು ಸಾಣೆ ಹಿಡಿಸಿ, ಪೆಟ್ರೋಲು ತುಂಬಿಸಿ ಇಟ್ಟಿದ್ದ. ಪಕ್ಕದಲ್ಲಿ ಡೆಲ್ಮರ್‌ನ ಹೆಂಡತಿ ಕಳಿಸಿದ ಹಾಟ್‌ಡಿಶ್. ಅದರ ತಳದಲ್ಲೂ ಹೆಸರು.

ಇಷ್ಟಾದ ಮೇಲೆ ಆರ್ಲೆನ್‌ನನ್ನು ತಡೆಯುವವರು ಯಾರು? ಕ್ಷೌರದಂಗಡಿಯವನಿಗೆ, ನಿನ್ನ ಕತ್ತರಿ ತಾಗಿದ ತಲೆಗೆ ಕಿರೀಟವೂ ಬೇಡ ಅಂದ. ಹಿಮ ತಳ್ಳುವ ಲಾರಿಯನ್ನು ಈಗ ಓಡಿಸುವ ಹುಡುಗನನ್ನು ದಾರಿಯಲ್ಲಿ ನಿಲ್ಲಿಸಿ, ನೀನು ತಳ್ಳಿದ ರಸ್ತೆಯಲ್ಲಿ ದೇವತೆಗಳು ಬರಿಗಾಲಲ್ಲಿ ಓಡಾಡಬಹುದು ಅಂದ. ಹುಡುಗ ಲಾರಿಯೊಳಗೆ ಕೂತು ಕಣ್ಣೊರೆಸಿಕೊಂಡ. ಹೊಗಳಿಸಿಕೊಂಡ ಪ್ರತಿ ಮನೆಯಿಂದಲೂ ಹಾಟ್‌ಡಿಶ್ ಬಂತು. ಶೀತಪೆಟ್ಟಿಗೆ ತುಂಬಿ, ಕಾರಿನ ಕೊಟ್ಟಿಗೆ ತುಂಬಿ, ಕೊನೆಗೆ ಹಿಂದಿನ ಜಗುಲಿಯ ಹಿಮದಲ್ಲೂ ಪಾತ್ರೆಗಳನ್ನು ಸಾಲಾಗಿ ಹೂತಿಡುವ ಕಾಲ ಬಂತು.

ಪಾದ್ರಿ ಎಕ್ಲಂಡ್ ಕೂಡ ಬಂದರು. ಕಾಫಿ ಕುಡಿದು, ಕೆರೆಯ ಮೇಲಿನ ಗಡ್ಡೆ ಎಷ್ಟು ದಪ್ಪ ಇದೆ ಎಂದು ಕೇಳಿ, ಆಮೇಲೆ ಬಹಳ ಹುಷಾರಾಗಿ, ನಿಮಗೆ ಯಾವ ಪ್ರಾರ್ಥನಾಗೀತೆಗಳು ಇಷ್ಟ ಎಂದು ವಿಚಾರಿಸಿದರು. ಆರ್ಲೆನ್‌ಗೆ ಇದೊಂದು ಒಳ್ಳೆಯ ಅವಕಾಶವಾಗಿ ಕಂಡಿತು.

“ಸ್ವಾಮಿ, ನಿಮ್ಮ ಗಂಟಲಿಂದ ಯಾವುದು ಬಂದ್ರೂ ಸರಿ. ನೀವು ಬಾಯಿ ತೆಗೆದ್ರೆ ಸಾಕು, ನಾನು ಬೆಂಚಿನ ಮೇಲಿಂದ ಎದ್ದು ನೇರ ಮೇಲಕ್ಕೆ ಹೊರಟ ಹಾಗಾಗುತ್ತೆ.”

ಪಾದ್ರಿಯ ಹಾಡುಗಾರಿಕೆಯನ್ನು ಆ ಊರಿನವರು ‘ಬೇರೆ ಥರಾ ಇದೆ’ ಎಂದೇ ಹೇಳಿಕೊಂಡು ಬಂದಿದ್ದರು. ಅದು ಅವರಿಗೂ ಗೊತ್ತಿತ್ತು. ಇವನ ಕೈಯನ್ನು ಎರಡೂ ಕೈಗಳಿಂದ ಹಿಡಿದು, ನಿಮ್ಮಷ್ಟು ಶಾಂತವಾಗಿ ಇದನ್ನು ಎದುರಿಸುವವರನ್ನು ನಾನು ಕಂಡಿಲ್ಲ ಎಂದು ಹೇಳಿ ಹೊರಟರು. ಯಾವುದನ್ನು ಎದುರಿಸುವುದು ಎಂದು ಆರ್ಲೆನ್ ಸ್ವಲ್ಪ ಹೊತ್ತು ಯೋಚಿಸಿದ. ಬಹುಶಃ ನಿವೃತ್ತಿಯನ್ನು ಎಂದುಕೊಂಡು ಸುಮ್ಮನಾದ.

ಈ ನಡುವೆ ಲವೋನ್ ಬದಲಾಗಿದ್ದಳು. ಅವನು ಏಳುವ ಮೊದಲೇ ಹೊರಗೆ ಹೋಗಿ ಅಂಗಳದ ಹಿಮವನ್ನು ತಾನೇ ಸಲಿಕೆಯಲ್ಲಿ ಎತ್ತಿಹಾಕುತ್ತಿದ್ದಳು. ಜೀವಮಾನವಿಡೀ ಹಿಮ ತಳ್ಳಿದವನ ಕೈಯಿಂದ ಸಲಿಕೆ ಕಿತ್ತುಕೊಳ್ಳುವುದು ಅಂದರೇನು? ಅವನ ಹಳೆಯ ಟೋಪಿಯನ್ನು ತೊಳೆದಳು. ಹಾಟ್‌ಡಿಶ್‌ನ ಮೂಲೆಯ ಗರಿಗರಿ ಭಾಗವನ್ನು, ತಾನು ಎಂದೂ ಬಿಟ್ಟುಕೊಡದಿದ್ದದ್ದನ್ನು, ಅವನ ತಟ್ಟೆಗೆ ಹಾಕಿದಳು. ಅವನು ಪೇಪರು ಓದುತ್ತಾ ಕೂತಿದ್ದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವನು ತಲೆಯೆತ್ತಿದರೆ ಒಳಗೆ ಹೋಗಿ ನಲ್ಲಿ ಬಿಡುತ್ತಿದ್ದಳು. ಅವಳ ಕಣ್ಣು ಕೆಂಪಾಗಿರುವುದನ್ನು ಅವನೂ ಕಂಡ. ಮದುವೆಯ ದಿನ ಹತ್ತಿರ ಬರುತ್ತಿದೆ, ಹೆಂಗಸರಿಗೆ ಹಾಗಾಗುತ್ತದೆ ಎಂದುಕೊಂಡ. ಇದಕ್ಕಿಂತ ಮುಠ್ಠಾಳನಾಗಲು ಸಾಧ್ಯವಿತ್ತೇ ಎಂದು ನೀವು ಕೇಳಬಹುದು. ಸಾಧ್ಯವಿತ್ತು. ಬುಧವಾರ ಇನ್ನೂ ಬರಬೇಕಿತ್ತು.

ಆ ಬುಧವಾರವೇ ಅವರ ಮದುವೆಯ ದಿನ. ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ ಪ್ರತಿ ಬುಧವಾರ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಸೇರಿ ಸೂಪು ಕುಡಿಯುವ ರೂಢಿ. ಈ ಬಾರಿಯದನ್ನು ಮಾರ್ಲಿಸ್ ಆರ್ಲೆನ್‌ಗೆಂದೇ ಏರ್ಪಡಿಸಿದ್ದಳು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಚರ್ಚಿಗೆ ಬಾರದವರೂ ಬಂದಿದ್ದರು. ಕೊವಾಚ್ ಮೇಡಂ ಮಂಗಳವಾರದ ತರಗತಿಯವರನ್ನು ಕರೆತಂದಿದ್ದರು. ಹೋದಾನ್ ದೊಡ್ಡ ತಟ್ಟೆಯ ತುಂಬ ಸಮೋಸಾ ಕರಿದು ತಂದಿದ್ದಳು. ಗಂಡಸರು ಸಾಲಾಗಿ ಬಂದು ಆರ್ಲೆನ್‌ನ ಕೈ ಕುಲುಕಿ, ಮಾತು ಹೊರಡದೆ ಬೂಟು ನೋಡಿಕೊಂಡು ಮುಂದೆ ಹೋದರು. ತನ್ನ ಮದುವೆಯ ದಿನವನ್ನು ಊರು ಇಷ್ಟು ನೆನಪಿಟ್ಟುಕೊಂಡಿದೆಯಲ್ಲ ಎಂದು ಆರ್ಲೆನ್‌ನ ಹೃದಯ ತುಂಬಿಬಂತು. ತಡೆಯಲಾಗದೆ ಎದ್ದು ನಿಂತ. ಟೋಪಿ ತೆಗೆದ.

“ಲವೋನ್,” ಅಂದ. “ನಿನ್ನ ಜೊತೆ ಕಳೆದ ಒಂದು ದಿನದ ಮುಂದೆ ರಾಜರ ಆಯಸ್ಸೆಲ್ಲ ಧೂಳು. ನೀನು ಅಡುಗೆಮನೆ ದೀಪ ಹಚ್ಚಿದ್ರೆ ಊರಿಗೇ ಬೆಳಗಾಗುತ್ತೆ. ಈ ಕ್ಷಣ ನನ್ನ ಉಸಿರು ನಿಂತ್ರೂ ನಂಗೆ ಬೇಜಾರಿಲ್ಲ. ಇಷ್ಟು ದಿನ ಹೇಳದೆ ಇಟ್ಕೊಂಡಿದ್ದೆ, ಇನ್ನು ತಡ ಮಾಡಬಾರ್ದು ಅನ್ನಿಸ್ತು.”

ಇಡೀ ಲೂಥರನ್ ಸಭೆ ನೆಲದ ಹಾಸುಗಲ್ಲು ನೋಡತೊಡಗಿತು. ಮಾರ್ಲಿಸ್ ಸೂಪಿನ ಸೌಟನ್ನು ಹಿಡಿದುಕೊಂಡೇ ಅಳುತ್ತಿದ್ದಳು. ಡೆಲ್ಮರ್ ಎದ್ದು ಗೋಡೆಯ ಕಡೆ ಮುಖಮಾಡಿ ನಿಂತ. ಆಗ ಲವೋನ್ ಎದ್ದಳು. ಆ ಊರಿನಲ್ಲಿ ಹೆಂಡತಿ ಗಂಡನನ್ನು ನಾಲ್ಕು ಜನರ ಮುಂದೆ ಏನನ್ನಾದರೂ ನೇರವಾಗಿ ಕೇಳಿದ್ದನ್ನು ಯಾರೂ ಕಂಡಿರಲಿಲ್ಲ.

“ಎಷ್ಟು ದಿನ ಅಂದಿದ್ದಾರೆ, ಆರ್ಲೆನ್?” ಅಂದಳು.

“ಯಾರು?”

“ಡಾಕ್ಟ್ರು.”

“ಯಾವ ಡಾಕ್ಟ್ರು?”

“ನೀನು ಸಾಯ್ತಾ ಇದ್ದೀಯಲ್ಲ.”

“ನಾನಾ?” ಅಂದ ಆರ್ಲೆನ್, ಹಿಂದೆ ಇನ್ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡಿ. “ನಾನು ಅಲಂಕಾರ ಕಲೀತಿದ್ದೆ. ಮಂಗಳವಾರ ಮಂಗಳವಾರ. ಬೇಕಿದ್ರೆ ಕೊವಾಚ್ ಮೇಡಂನ ಕೇಳು.”

ಕೊವಾಚ್ ಮೇಡಂ ತಮ್ಮ ಬೋಧನಾ ಜೀವನದಲ್ಲಿ ಮೊದಲ ಬಾರಿಗೆ ಮೇಜಿನ ಕೆಳಗೆ ಏನನ್ನೋ ಹುಡುಕುವವರಂತೆ ಬಗ್ಗಿದರು. ಎಲ್ಲರಿಗೂ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೊದಲು ಬಾಯಿ ತೆಗೆದವಳು ಹೋದಾನ್. ಹಿರಿಯರನ್ನು ಚಿಕ್ಕಪ್ಪ ಅನ್ನುವುದು ಅವರ ಕಡೆಯ ರೂಢಿ.

“ಅಯ್ಯೋ ಚಿಕ್ಕಪ್ಪ, ನಮ್ಮೂರಲ್ಲಿ ಹೀಗೆ ಮಾತಾಡಿದ್ರೆ ಹೆಣ್ಣು ಕೊಡ್ತಾರೆ. ನಿಮ್ಮೂರಲ್ಲಿ ಹೂಳೋಕೆ ಹೊರಡ್ತಾರಲ್ಲ.”

ಊರಿಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಆದರೆ ಒಳಗೊಳಗೇ ಎಲ್ಲರಿಗೂ ಏನೋ ಮೋಸಹೋದ ಹಾಗೆನಿಸಿತು. ಅಷ್ಟು ಹಾಟ್‌ಡಿಶ್ ಮಾಡಿದ್ದರಲ್ಲ. ಡೆಲ್ಮರ್ ಗೋಡೆಯಿಂದ ತಿರುಗಿ, ಹಾಗಾದರೆ ಆ ಯಂತ್ರ ಶನಿವಾರ ಒಂದು ಮಧ್ಯಾಹ್ನಕ್ಕೆ ಸಿಗಬಹುದೇ ಎಂದು ವಿಚಾರಿಸಿದ. ಪಾದ್ರಿ ತಮ್ಮ ಹಾಡುಗಾರಿಕೆಯ ವಿಷಯ ಕೇಳಬೇಕೆಂದು ಬಾಯಿ ತೆಗೆದು, ಬೇಡವೆಂದು ಮುಚ್ಚಿಕೊಂಡರು. ಮಾರ್ಲಿಸ್‌ಗೆ ಮಾತ್ರ ತಡೆಯಲಾಗಲಿಲ್ಲ. ಸೌಟು ಕೆಳಗಿಟ್ಟು, “ಅಂದ್ರೆ ನನ್ನ ಕೇಕೂ ಬರೀ ಅಲಂಕಾರನಾ?” ಅಂದಳು.

ಆರ್ಲೆನ್ ಲವೋನ್‌ಳನ್ನು ಹುಡುಕುತ್ತಿದ್ದ. ಅವಳ ಕುರ್ಚಿ ಖಾಲಿಯಾಗಿತ್ತು. ಹೊರಗೆ ಅವರ ಕಾರೂ ಇರಲಿಲ್ಲ.

ಅವನು ನಡೆದುಕೊಂಡೇ ಮನೆಗೆ ಹೋದ. ಯಾರೂ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಅನ್ನಲಿಲ್ಲ. ಅಂದಿದ್ದರೂ ಹತ್ತುವ ಮುಖ ಅವನಿಗಿರಲಿಲ್ಲ. ಬೆಳಗಿನ ಸಲಿಕೆ, ತೊಳೆದ ಟೋಪಿ, ಗರಿಗರಿ ಮೂಲೆ, ಕೆಂಪು ಕಣ್ಣು, ಎಲ್ಲವೂ ಈಗ ಒಂದೊಂದಾಗಿ ಅರ್ಥವಾಗತೊಡಗಿತು. ಒಂದು ಸವಿಮಾತಿನಿಂದ ಸಂತೋಷಪಡಿಸಬೇಕೆಂದಿದ್ದ ಹೆಂಗಸಿಗೆ ಇಷ್ಟು ವಾರ ಜೀವಂತ ಗಂಡನ ಸೂತಕ ಹಿಡಿಸಿದ್ದ. ನಾಚಿಕೆಯಿಂದ ಅವನ ಕಿವಿ ಆ ಚಳಿಯಲ್ಲೂ ಬಿಸಿಯಾಗಿತ್ತು.

ಲವೋನ್ ಅಡುಗೆಮನೆಯ ಮೇಜಿನ ಮುಂದೆ ಕೋಟು ತೆಗೆಯದೆ ಕೂತಿದ್ದಳು. ಮೇಜಿನ ಮೇಲೆ, ಒಲೆಯ ಮೇಲೆ, ಅವನು ಮಾಡಿದ ಕಪಾಟಿನ ಮೇಲೆ, ನೆಲದ ಮೇಲೆ, ಎಲ್ಲಿ ನೋಡಿದರೂ ಊರಿನವರ ಖಾಲಿಯಾದ, ತೊಳೆಯದ ಹಾಟ್‌ಡಿಶ್ ಪಾತ್ರೆಗಳು.

“ಯಾಕೆ ಹೀಗೆ ಮಾಡ್ದೆ?” ಅಂದಳು.

ಅವನು ಹೇಳಿದ. ಟ್ರ್ಯಾವಿಸ್‌ನ ಸೀಮೆಎಣ್ಣೆ ಬುಡ್ಡಿಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದ. ಅಂಥವರೊಬ್ಬರು ಮನೆಯಲ್ಲಿದ್ದರೆ ತೊಂದರೆಯಿಲ್ಲ ಎಂದು ನೀನೇ ಅಂದಿದ್ದೆಯಲ್ಲ ಎಂದ. ಅವನ ಧ್ವನಿ ಕೊನೆಗೆ ಬರುವ ಹೊತ್ತಿಗೆ ಕೇಳಿಸದಷ್ಟು ಇಳಿದಿತ್ತು.

ಲವೋನ್ ಅವನನ್ನು ನೋಡಿದಳು.

“ಅವನು ಏನಂದ ಅಂತ ನಾನು ಕೇಳಿಸ್ಕೊಂಡೇ ಇರ್ಲಿಲ್ಲ, ಆರ್ಲೆನ್. ತಟ್ಟೆ ಎತ್ಕೊಂಡು ಹೋದ್ನಲ್ಲ. ಅದನ್ನ ನೋಡ್ತಿದ್ದೆ.”

ನಲವತ್ತು ವರ್ಷಗಳಲ್ಲಿ ಆರ್ಲೆನ್ ಆ ಮನೆಯ ತಟ್ಟೆಯೊಂದನ್ನು ಮೇಜಿನಿಂದ ಎತ್ತಿದ ನೆನಪು ಅವನಿಗೂ ಆಗಲಿಲ್ಲ. ಕೊನೆಗೆ ಕೋಟು ತೆಗೆದು ಕುರ್ಚಿಗೆ ಹಾಕಿದ. ಅಂಗಿಯ ತೋಳು ಮಡಚಿದ. ಸಿಂಕಿನ ತುಂಬ ಬಿಸಿನೀರು ಬಿಟ್ಟು, ಸೋಪು ಯಾವುದು ಎಂದು ಕೇಳಲು ಧೈರ್ಯವಿಲ್ಲದೆ ಸಿಕ್ಕಿದ ಬಾಟಲಿಯಿಂದ ಸುರಿದುಕೊಂಡು, ಎಲ್ಲಕ್ಕಿಂತ ಮೇಲಿದ್ದ ಪಾತ್ರೆಯನ್ನು ಎತ್ತಿಕೊಂಡ. ಅದು ಮಾರ್ಲಿಸ್‌ಳದು. ಮೂಲೆಗಳಲ್ಲಿ ಕರಕಲು ಹಿಡಿದಿತ್ತು. ರಸ್ತೆಗೆ ಅಂಟಿದ ಗಡ್ಡೆ ಕೆರೆದು ಅಭ್ಯಾಸವಿದ್ದ ಕೈ, ಕೆರೆದ. ಹೆಸರಿನ ಪಟ್ಟಿ ಏಳದ ಹಾಗೆ ತಳವನ್ನು ಹುಷಾರಾಗಿ ಒರೆಸಿದ. ಪಕ್ಕಕ್ಕಿಟ್ಟು ಡೆಲ್ಮರ್‌ನ ಮನೆಯದಕ್ಕೆ ಕೈಹಾಕಿದ.

ಸ್ವಲ್ಪ ಹೊತ್ತಿಗೆ ಹಿಂದೆ ಕುರ್ಚಿ ಸರಿದ ಸದ್ದಾಯಿತು. ಲವೋನ್ ಕೋಟು ತೆಗೆದಿಟ್ಟು, ಒರೆಸುವ ಬಟ್ಟೆ ಹಿಡಿದು ಅವನ ಪಕ್ಕಕ್ಕೆ ಬಂದು ನಿಂತಳು. ಅವನು ತೊಳೆದ, ಅವಳು ಒರೆಸಿದಳು. ಕಿಟಕಿಯಾಚೆ ಮಾರ್ಲಿಸ್‌ಳ ಮನೆಯ ಪರದೆ ಒಂದಿಷ್ಟು ಸರಿದು, ಮತ್ತೆ ಮುಚ್ಚಿಕೊಂಡಿತು.

ಲವೋನ್ ಮಾರ್ಲಿಸ್‌ಳ ಪಾತ್ರೆಯನ್ನು ಮತ್ತೊಮ್ಮೆ ಎತ್ತಿ ದೀಪಕ್ಕೆ ಹಿಡಿದಳು. ಒಳಗೆ ನೋಡಿದಳು, ಹೊರಗೆ ನೋಡಿದಳು, ಮೂಲೆಗಳಲ್ಲಿ ಬೆರಳಾಡಿಸಿ ನೋಡಿದಳು.

“ಅಷ್ಟೇನೂ ಕೆಟ್ಟದಾಗಿಲ್ಲ” ಅಂದಳು.

ಆರ್ಲೆನ್‌ನ ಕೈಯಲ್ಲಿದ್ದ ಪಾತ್ರೆ ಜಾರಿ ನೀರಿಗೆ ಬಿತ್ತು. ಕಣ್ಣು ಮಂಜಾಯಿತು. ಏನಾದರೂ ಹೇಳಬೇಕಿತ್ತು. ಮಂಗಳವಾರಗಳಲ್ಲಿ ಕಲಿತದ್ದೆಲ್ಲ ಸಾಲಾಗಿ ನೆನಪಿಗೆ ಬಂತು. ಉಪಮೆ ಬಂತು, ಅತಿಶಯೋಕ್ತಿ ಬಂತು, ಯಾವುದೂ ಅಷ್ಟು ದೊಡ್ಡದಾಗಿರಲಿಲ್ಲ.

“ನೀರು ಸ್ವಲ್ಪ ಆರಿದೆ ಅನ್ಸುತ್ತೆ” ಅಂದ.

ಲವೋನ್‌ಗೆ ಅರ್ಥವಾಯಿತು. ಬಟ್ಟೆಯ ತುದಿಯಿಂದ ಒಮ್ಮೆ ಕಣ್ಣೊರೆಸಿಕೊಂಡು, ಕೈಚಾಚಿ ಬಿಸಿನೀರಿನ ನಲ್ಲಿ ತಿರುಗಿಸಿದಳು.